ಅಕ್ಷರವಿಲ್ಲದ ಹಲಗೆ

ನನ್ನ ತಮ್ಮ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಹಾರ್ಡ್‌ಬೋರ್ಡ್ ಸುಡುತ್ತಾನೆ. ಸುಡುತ್ತಾನೆ ಎಂದರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ. “ಸುಡೋದಲ್ಲ ಅಕ್ಕ, ಕತ್ತರಿಸೋದು, ಕೆತ್ತೋದು. ಅದು ಲೇಸರ್, ಒಲೆ ಅಲ್ಲ” ಎನ್ನುತ್ತಾನೆ. ಇರಲಿ. ಕಣ್ಣು ಕಾಣದವಳಿಗೆ ಮೂಗು ಹೇಳಿದ್ದೇ ಸತ್ಯ. ಆ ಕೋಣೆಯ ಬಾಗಿಲು ತೆರೆದರೆ ನನ್ನ ಮೂಗು ಹೇಳುವುದು ಒಂದೇ ಮಾತು: ಏನೋ ಸೀದುಹೋಗಿದೆ.

ಅವನು ಕೆಲಸಕ್ಕಿದ್ದ ಮುದ್ರಣಾಲಯ ಮುಚ್ಚಿದಾಗ ಕೆಲವು ತಿಂಗಳು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಆಮೇಲೆ ಯಾರೋ ಬೇಡವೆಂದು ಮಾರಿದ ಲೇಸರ್ ಯಂತ್ರವನ್ನು ತಂದು, ಹಳೆ ಸಾಮಾನು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿ ಅಲ್ಲಿ ಕೂರಿಸಿದ. ಹೊಗೆ ಹೋಗಲಿಕ್ಕೆ ಕಿಟಕಿಯಿಂದಾಚೆ ಒಂದು ದಪ್ಪ ಕೊಳವೆ, ಅದರ ಬಾಯಿಗೊಂದು ಫ್ಯಾನು. ಗಡಿಯಾರದ ಮುಖ, ಬೀಗದ ಕೈ ತೂಗುಹಾಕುವ ಹಲಗೆ, ಮನೆ ಹೆಸರಿನ ಫಲಕ, ಮಕ್ಕಳು ಜೋಡಿಸುವ ಆಟಿಕೆ, ಸ್ಕ್ರೂ ಮೊಳೆ ಇಡುವ ಪೆಟ್ಟಿಗೆ, ಯಾರು ಏನು ಕೇಳಿದರೂ ಇಲ್ಲ ಎನ್ನುವ ಜಾಯಮಾನವಲ್ಲ ಅವನದು. ಅವನ ಹೆಂಡತಿ ಆ ಯಂತ್ರವನ್ನು ಕರೆಯುವುದೇ ಸವತಿ ಎಂದು. “ಅತ್ತಿಗೆ, ನಿಮ್ಮ ತಮ್ಮ ಸವತಿ ಹತ್ರ ಇದ್ದಾರೆ. ಊಟಕ್ಕೆ ನೀವೇ ಕರೀರಿ, ನಾನು ಕರೆದ್ರೆ ಬರಲ್ಲ” ಎಂದು ನಗುತ್ತಾಳೆ. ಒಳ್ಳೆಯ ಹೆಣ್ಣು. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ, ಇದ್ದಿದ್ದರೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು.

ಹಾರ್ಡ್‌ಬೋರ್ಡ್ ಎಂದರೆ ಮರದ ನಾರು ಒತ್ತಿ ಮಾಡಿದ ತೆಳು ಹಲಗೆ. ಅದಕ್ಕೆ ಎರಡು ಮೈ. ಒಂದು ನುಣುಪು, ಇನ್ನೊಂದು ಗೋಣಿಚೀಲದ ನೇಯ್ಗೆಯಂತೆ ಒರಟು. ಲೇಸರ್ ಯಾವ ಮೈ ಮೇಲೆ ಓಡುತ್ತದೋ ಆ ಮೈಗೆ ಹೊಗೆಯ ಕಲೆ ಹಿಡಿಯುತ್ತದೆ. ಹಾಗಾಗಿ ಬರೀ ಕತ್ತರಿಸುವ ಕೆಲಸವಿದ್ದರೆ ನನ್ನ ತಮ್ಮ ನುಣುಪನ್ನು ಕೆಳಗೆ ಮಾಡಿ, ಒರಟು ಬೆನ್ನಿನ ಕಡೆಯಿಂದ ಕತ್ತರಿಸುತ್ತಾನೆ. ಬೆನ್ನಿನಿಂದ ಕತ್ತರಿಸಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದಕ್ಕೆ ಕಂಪ್ಯೂಟರಿನಲ್ಲಿ ಚಿತ್ರವನ್ನು ಮೊದಲೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಟ್ಟಿರುತ್ತಾನೆ. ಕೊನೆಗೆ ತುಂಡನ್ನು ಮಗುಚಿ ಹಿಡಿದರೆ ಎಲ್ಲ ಸರಿ, ಕಲೆಯೂ ಇಲ್ಲ. ಇದನ್ನು ಅವನು ಮಹಾ ವಿದ್ಯೆಯಂತೆ ನನಗೆ ವಿವರಿಸಿದಾಗ ನಗು ಬಂತು. ಬಟ್ಟೆ ಹೊಲಿಯುವವಳು ನಾನು. ನಾವೂ ಬಟ್ಟೆಯ ಒಳಮೈ ಮೇಲೇ ಗೆರೆ ಎಳೆಯುವುದು. “ಇಷ್ಟೇನಾ?” ಎಂದೆ. ಮುಖ ಊದಿಸಿಕೊಂಡಿರಬೇಕು, ಫ್ಯಾನು ಹಾಕಿ ಕೆಲಸಕ್ಕೆ ಕೂತ.

ನನ್ನ ಕಣ್ಣು ಒಮ್ಮೆಲೇ ಹೋದದ್ದಲ್ಲ. ಅಂಚಿನಿಂದ ಶುರುವಾಗಿ, ಹಳೆ ಬಟ್ಟೆ ಸವೆದ ಹಾಗೆ ವರ್ಷಗಟ್ಟಲೆ ಸವೆಯಿತು. ಈಗ ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ಉಳಿದಿದೆ. ಆದರೂ ಕೈ ಕಟ್ಟಿ ಕೂತವಳಲ್ಲ. ಒಂದು ಬಟ್ಟೆ ಅಂಗಡಿಯವರು ಗುಂಡಿ ಹಾಕಲು, ಅಂಚು ಮಡಚಿ ಹೊಲಿಯಲು ನನಗೆ ಕೊಡುತ್ತಿದ್ದರು. ಬೆರಳು ನೋಡಿಕೊಳ್ಳುವ ಕೆಲಸ ಅದು, ಕಣ್ಣಿನ ಹಂಗಿಲ್ಲ. ಅಂಗಡಿಗೂ ನಾನಿದ್ದ ಬಾಡಿಗೆ ಮನೆಗೂ ಒಂದೇ ಬೀದಿ. ಗೋಡೆ ಮುಟ್ಟಿಕೊಂಡು ಹೋಗುತ್ತಿದ್ದೆ, ಗೋಡೆ ಮುಟ್ಟಿಕೊಂಡು ಬರುತ್ತಿದ್ದೆ. ಅಷ್ಟರಲ್ಲಿ ಆ ಕಟ್ಟಡವನ್ನೇ ಕೆಡವುತ್ತೇವೆ, ಎಲ್ಲರೂ ಖಾಲಿ ಮಾಡಿ ಎಂದರು.

“ನಮ್ಮನೆಗೆ ಬಾ ಅಕ್ಕ. ಹಾಲ್‌ನಲ್ಲಿ ಮಂಚ ಹಾಕ್ತೀನಿ” ಎಂದ ತಮ್ಮ. ಅಮ್ಮ ಹೋದಾಗ ಅವನಿನ್ನೂ ಬಟ್ಟೆ ಹಾಕಿಕೊಳ್ಳಲು ಬಾರದ ಮಗು. ಅವನ ಚಡ್ಡಿ ಹೊಲಿದವಳು, ತುತ್ತು ಹಾಕಿದವಳು, ಕಿವಿ ಹಿಂಡಿ ಶಾಲೆಗೆ ಅಟ್ಟಿದವಳು ನಾನೇ. ಈಗ ತನ್ನ ಸರದಿ ಎಂದು ಅವನಿಗೆ. ಅವನ ಪ್ರೀತಿ ನನಗೆ ಗೊತ್ತು, ಆ ಪ್ರೀತಿಗೇ ನಾನು ಹೆದರುತ್ತಿದ್ದದ್ದು. ನಮ್ಮ ಹಳೆ ಕಟ್ಟಡದಲ್ಲಿ ಒಬ್ಬ ಅಜ್ಜಿ ಇದ್ದಳು, ನನ್ನ ಹಾಗೆಯೇ ಕಣ್ಣು ಹೋದವಳು. ಮಗಳು ಅಳಿಯ ಅಂಗೈಯಲ್ಲಿಟ್ಟು ನೋಡಿಕೊಂಡರು. ಕೂತಲ್ಲಿಗೆ ತಟ್ಟೆ, ಕೂತಲ್ಲಿಗೆ ನೀರು. ಒಂದು ವರ್ಷ ಆಗುವಷ್ಟರಲ್ಲಿ ಆಕೆ ಎದ್ದು ನಿಲ್ಲುವುದನ್ನೇ ಮರೆತುಬಿಟ್ಟಿದ್ದಳು. ಜೊತೆಗೆ ತಮ್ಮನ ಮನೆ ಊರಿನ ಇನ್ನೊಂದು ತುದಿ. ಅಲ್ಲಿಗೆ ಹೋದರೆ ಅಂಗಡಿಯ ಕೆಲಸ ಕೈಬಿಟ್ಟ ಹಾಗೇ.

ಅಂಗಡಿಯ ಹಿಂದಿನ ಬೀದಿಯಲ್ಲೇ ಮಹಡಿ ಮೇಲೆ ಒಂದು ಪುಟ್ಟ ಮನೆ ಖಾಲಿಯಿದೆ ಎಂದು ಅಂಗಡಿಯವರೇ ಹುಡುಕಿಕೊಟ್ಟರು. ಕೆಳಗಡೆ ಮನೆಯೊಡತಿ ಒಬ್ಬರೇ ಇರುವುದು. ಮಾತು ಮೆದು, ಆದರೆ ತೂಕದ್ದು.

“ನಿಮ್ಮನ್ನ ನೋಡಿದ್ರೆ ಒಳ್ಳೆಯವರು ಅನ್ಸುತ್ತೆ” ಎಂದರು ಆಕೆ. “ಆದ್ರೆ ಮೇಲೆ ಒಬ್ರೇ ಇರ್ತೀರಿ. ಗ್ಯಾಸು, ಮೆಟ್ಲು, ಹಿಂದ್ಗಡೆ ಬಾಲ್ಕನಿ. ನೆಲದ ಕೆಲಸ ಮುಗೀಲಿ, ಆಮೇಲೆ ಒಂದ್ಸಲ ಬನ್ನಿ. ಯಾರೂ ಕೈ ಹಿಡೀಬಾರ್ದು, ಯಾರೂ ದಾರಿ ಹೇಳ್ಬಾರ್ದು. ನೀವು ಓಡಾಡೋದನ್ನ ನೋಡ್ತೀನಿ. ನಂಗೆ ಧೈರ್ಯ ಬಂದ್ರೆ ಮನೆ ನಿಮ್ದು.”

ತಮ್ಮನಿಗೆ ಇದು ಅವಮಾನ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ಇಷ್ಟು ನೇರವಾಗಿ ನನ್ನ ಜೊತೆ ಯಾರೂ ಮಾತಾಡಿರಲಿಲ್ಲ. ಎಲ್ಲರೂ ನನ್ನ ಎದುರಿಗೇ ನನ್ನ ತಮ್ಮನನ್ನು ಕೇಳುತ್ತಿದ್ದರು, “ಇವರು ಟೀ ಕುಡೀತಾರಾ?” ಎಂದು. ಕಣ್ಣಿನ ಜೊತೆ ನನ್ನ ಕಿವಿಯೂ ಬಾಯಿಯೂ ಹೋಗಿವೆ ಎಂಬಂತೆ.

ಅಂಗಡಿಯವರ ಹತ್ತಿರ ಕೆಲವು ದಿನದ ಬಿಡುವು ಕೇಳಿ, ನೆಲದ ಕೆಲಸ ಮುಗಿಯುವವರೆಗೆ ತಮ್ಮನ ಮನೆಯಲ್ಲಿದ್ದೆ. ಕೆಲಸದವರು ನೆಲ ಅಗೆಯುತ್ತಿದ್ದ ಮನೆಯಲ್ಲಿ ಮೊದಲೇ ಹೋಗಿ ಅಭ್ಯಾಸ ಮಾಡುವ ಹಾಗಿರಲಿಲ್ಲ. ಆಗ ತಮ್ಮನಿಗೊಂದು ಯೋಚನೆ ಹೊಳೆಯಿತು. ನಾನು ಬೇರೆ ಮನೆ ಮಾಡುವುದು ಅವನಿಗೆ ಇಷ್ಟವಿರಲಿಲ್ಲ, ಆದರೂ ಹೊಳೆದದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಟೇಪು ಹಿಡಿದು ಹೋಗಿ ಇಡೀ ಮನೆ ಅಳೆದು ಬಂದ. ಸವತಿಯ ಕೋಣೆಯ ಬಾಗಿಲು ಹಾಕಿಕೊಂಡು ಕೂತ. ಮನೆ ತುಂಬ ಸೀದ ವಾಸನೆ. ಕೊನೆಗೆ ನನ್ನನ್ನು ಕರೆದು, ಮೇಜಿನ ಮುಂದೆ ಕೂರಿಸಿ, ನನ್ನ ಎರಡೂ ಕೈ ಹಿಡಿದು ಒಂದು ಹಲಗೆಯ ಮೇಲಿಟ್ಟ.

“ಇದು ನಿನ್ನ ಮನೆ ಅಕ್ಕ.”

ಬೆರಳ ಕೆಳಗೆ ಮನೆಯಿತ್ತು. ಗೋಡೆ ಇರುವಲ್ಲಿ ಹಾರ್ಡ್‌ಬೋರ್ಡಿನ ಸಣ್ಣ ಪಟ್ಟಿಗಳನ್ನು ಅಂಟಿಸಿ ನಿಲ್ಲಿಸಿದ್ದ, ಬಾಗಿಲು ಇರುವಲ್ಲಿ ಸಂದು ಬಿಟ್ಟಿದ್ದ. ಮೆಟ್ಟಿಲುಗಳಿಗೆ ಒತ್ತೊತ್ತಾಗಿ ಅಡ್ಡಗೆರೆ. ಅಡುಗೆಮನೆಯ ನೆಲಕ್ಕೆ ಚುಕ್ಕಿ ಕೆತ್ತಿದ್ದ, ಮಲಗುವ ಕೋಣೆಗೆ ಏನೂ ಇಲ್ಲ, ನುಣುಪು. ಬಚ್ಚಲು ಒಂದು ಮೆಟ್ಟಿಲಷ್ಟು ತಗ್ಗಿನಲ್ಲಿದೆ ಎಂದು ಅಲ್ಲಿ ಮತ್ತೆ ಮತ್ತೆ ಕೆತ್ತಿ ಆಳ ಮಾಡಿದ್ದ. ಬೆರಳು ಅಲ್ಲಿಗೆ ಬಂದರೆ ಇಳಿಯುತ್ತಿತ್ತು. ಅಂಚುಗಳನ್ನೆಲ್ಲ ಮರಳುಕಾಗದದಲ್ಲಿ ಉಜ್ಜಿದ್ದ, ಒಂದು ಸಿಬಿರೂ ಚುಚ್ಚಲಿಲ್ಲ.

“ಒಂದಕ್ಷರ ಹಾಕಿಲ್ಲ ಅಕ್ಕ. ಕಣ್ಣಿರೋರಿಗೆ ಇದರಲ್ಲಿ ಏನೂ ಇಲ್ಲ. ಎಲ್ಲಾ ನಿನ್ನ ಬೆರಳಿಗೇ” ಎಂದ. ಅವನ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು.

“ಸುಟ್ಟರೂ ಚೆನ್ನಾಗಿ ಸುಟ್ಟಿದ್ದೀಯ ಕಣೋ” ಎಂದೆ. ಈ ಸಲ ಅವನು ತಿದ್ದಲಿಲ್ಲ, ನಕ್ಕ.

ಆಮೇಲೆ ಆ ಹಲಗೆ ನನ್ನ ಮಡಿಲು ಬಿಟ್ಟು ಇಳಿಯಲಿಲ್ಲ. ಮೆಟ್ಟಿಲು ಹತ್ತಿ, ತಿರುವಿನಲ್ಲಿ ಬಲಕ್ಕೆ ಹೊರಳಿ, ಮತ್ತೆ ಹತ್ತಿ, ಬಾಗಿಲು. ಒಳಗೆ ಬಂದರೆ ಹಾಲ್. ಬಲಗೈಗೆ ಅಡುಗೆಮನೆ, ಎಡಗೈಗೆ ಬಚ್ಚಲು, ನೇರಕ್ಕೆ ಮಲಗುವ ಕೋಣೆ, ಅದರ ಹಿಂದೆ ಬಾಲ್ಕನಿ. ತಮ್ಮನ ಹೆಂಡತಿ ಕೆಲಸದ ನಡುವೆ ಬಂದು ಪರೀಕ್ಷೆ ಮಾಡುತ್ತಿದ್ದಳು. “ಅತ್ತಿಗೆ, ಮಲಗಿದ್ದೀರಿ, ಹಾಲು ಉಕ್ತಾ ಇದೆ, ಓಡಿ!” ಎನ್ನುವಳು. ನನ್ನ ಬೆರಳು ಮಂಚದಿಂದೆದ್ದು ಬಾಗಿಲು ದಾಟಿ ಚುಕ್ಕಿಗಳ ಮೇಲೆ ಹೋಗಿ ನಿಲ್ಲುವುದು. “ಯಾರೋ ಬಾಗಿಲು ತಟ್ತಿದ್ದಾರೆ!” “ತಟ್ಟಲಿ ಬಿಡು, ಸಾಲ ಕೇಳೋಕೆ ಬಂದಿರ್ತಾರೆ.” ಇಬ್ಬರೂ ನಗುತ್ತಿದ್ದೆವು. ಕಣ್ಣು ಹೋದ ಮೇಲೆ ಅಷ್ಟು ಸುಖವಾಗಿ ನಾನು ನಕ್ಕದ್ದಿಲ್ಲ. ಸ್ಟವ್ ಎಲ್ಲಿಡಬೇಕು, ಹೊಲಿಗೆ ಯಂತ್ರ ಯಾವ ಗೋಡೆಗೆ, ದಾರದ ಡಬ್ಬ ಎಲ್ಲಿ ಎಂದು ಎಲ್ಲ ತೀರ್ಮಾನವಾಗಿತ್ತು. ಆ ಮನೆಯೊಳಗೆ ಒಂದು ಹೆಜ್ಜೆ ಇಡದೆಯೇ ನಾನಲ್ಲಿ ಸಂಸಾರ ಹೂಡಿಬಿಟ್ಟಿದ್ದೆ.

ಮನೆಯೊಡತಿ ಹೇಳಿ ಕಳಿಸಿದ ದಿನ ತಮ್ಮ ನನ್ನನ್ನು ಗೇಟಿನವರೆಗೆ ಕರೆದುಕೊಂಡು ಹೋಗಿ ಕೈ ಬಿಟ್ಟ. ಆಕೆ ಹಿಂದೆಯೇ ಬಂದರು, ಆಕೆಯ ಹಿಂದೆ ತಮ್ಮ. ನಾನು ಕಂಬಿ ಹಿಡಿದು ಹತ್ತಿದೆ. ಮೆಟ್ಟಿಲು ತಿರುಗುವ ಜಾಗ ಬಂತು. ಬಲಕ್ಕೆ ಹೊರಳಿದೆ. ಮೂಗಿಗೆ ಗೋಡೆ ತಾಗಿತು.

ಕೈ ಆಡಿಸಿದೆ, ಮೆಟ್ಟಿಲು ಎಡಕ್ಕಿತ್ತು. ಆಗಲೇ ನಿಲ್ಲಬೇಕಿತ್ತು. ಆದರೆ ನನಗೆ ಹಲಗೆಯ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ನನ್ನ ಮೇಲೆಯೇ. ಗಾಬರಿಯಲ್ಲಿ ಎಡಬಲ ಮರೆತೆಯಲ್ಲೇ ಮುದುಕಿ ಎಂದು ಬೈದುಕೊಂಡೆ. ತಮ್ಮ ಕೆತ್ತಿದ್ದು, ನನ್ನ ತಮ್ಮ, ಅದು ತಪ್ಪಾಗುವುದುಂಟೇ? ತಪ್ಪುವುದಿದ್ದರೆ ಕುರುಡಿಯೇ ತಪ್ಪಬೇಕು. ಬೇರೆಯವರು ನನ್ನ ಬಗ್ಗೆ ಅಂದುಕೊಳ್ಳುವುದನ್ನೇ ನಾನೂ ಅಂದುಕೊಂಡೆ. ಅದು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಉರಿಯುತ್ತದೆ.

ಹಿಂದೆ ಮನೆಯೊಡತಿಯ ಚಪ್ಪಲಿ ಸದ್ದು. ಬಾಗಿಲು ದಾಟಿ ಹಾಲ್‌ಗೆ ಬಂದೆವು. ಹೊಸ ಸಿಮೆಂಟಿನ ವಾಸನೆ, ತಣ್ಣನೆಯ ನೆಲ.

“ಅಡುಗೆಮನೇಲಿ ಒಂದು ಲೋಟ ಇಟ್ಟಿದ್ದೀನಿ. ನಲ್ಲಿ ನೀರು ಹಿಡ್ಕೊಂಡು ಬನ್ನಿ, ನೋಡೋಣ” ಎಂದರು.

ಇಷ್ಟೇನಾ ಅನ್ನಿಸಿತು. ಮೆಟ್ಟಿಲ ಮೇಲೆ ಕಳೆದ ಮಾನವನ್ನು ಇಲ್ಲಿ ವಾಪಸು ತರಬೇಕು. ಗೋಡೆ ತಡವುತ್ತ ಹೋದರೆ ಆಕೆಗೆ ಧೈರ್ಯ ಬರುವುದೆಲ್ಲಿಂದ? ಬಾಲ್ಯದಿಂದ ಅಲ್ಲೇ ಇದ್ದವಳ ಹಾಗೆ ತಲೆ ಎತ್ತಿ, ಕೈ ಬೀಸಿ, ಬಿರಬಿರನೆ ನಡೆದು ಬಲಕ್ಕೆ ಹೊರಳಿದೆ. ಬಾಗಿಲು ಸಿಕ್ಕಿತು. “ಅಕ್ಕಾ—” ಎಂದು ತಮ್ಮ ಕೂಗಿದ್ದು ಕೇಳಿತು. ಅಷ್ಟರಲ್ಲಿ ನನ್ನ ಕಾಲು ನೆಲವಿಲ್ಲದ ಕಡೆ ಇಳಿದಾಗಿತ್ತು.

ಬಿದ್ದೆ. ಮುಂಗೈ ಮೇಲೆ ಇಡೀ ಭಾರ ಬಿತ್ತು. ನುಣುಪು ಕಲ್ಲು, ಮೂಗಿಗೆ ಬಚ್ಚಲ ವಾಸನೆ. ಕಲಿಯದೆ ಬಂದಿದ್ದರೆ ತಡವರಿಸಿಕೊಂಡು ಹೋಗುತ್ತಿದ್ದೆ, ಬೀಳುತ್ತಿರಲಿಲ್ಲ. ಚೆನ್ನಾಗಿ ಕಲಿತಿದ್ದೆ, ಅದಕ್ಕೇ ಬಿದ್ದೆ.

ಅಲ್ಲೇ ಕೂತ ಹಾಗೆ ತಲೆಯೊಳಗಿನ ಇಡೀ ಮನೆ ನಿಧಾನವಾಗಿ ಮಗುಚಿಕೊಂಡಿತು. ತಮ್ಮ ಓಡಿಬಂದು ಎತ್ತಲು ಕಂಕುಳಿಗೆ ಕೈ ಹಾಕಿದ. ಕೈ ತೆಗೆ ಎಂದೆ.

“ಅಡುಗೆಮನೆ ಎಲ್ಲಿದೆಯೋ?”

“ಆ ಕಡೆ ಅಕ್ಕ. ಎಡಕ್ಕೆ.”

“ನಿನ್ನ ಹಲಗೇಲಿ ಬಲಕ್ಕಿದೆ.”

“ಇಲ್ಲ ಅಕ್ಕ, ನಾನು ಎಡಕ್ಕೇ...” ಅಷ್ಟಕ್ಕೇ ಅವನ ಮಾತು ನಿಂತಿತು.

“ಮೆಟ್ಲೂ ಹಾಗೇ. ಎಲ್ಲಾ ಉಲ್ಟಾ ಕಣೋ.”

ಅವನು ಧೊಪ್ಪೆಂದು ಹೊಸ್ತಿಲ ಮೇಲೆ ಕೂತ. ಕೂತಲ್ಲಿಂದಲೇ ಮನೆಯೊಡತಿಗೆ ಹೇಳತೊಡಗಿದ. ಅಷ್ಟು ದೈನ್ಯದ ದನಿಯನ್ನು ಅವನು ಮಗುವಾಗಿದ್ದಾಗಲೂ ನಾನು ಕೇಳಿರಲಿಲ್ಲ.

“ತಪ್ಪು ನನ್ದು ಮೇಡಂ, ಅಕ್ಕಂದಲ್ಲ. ಬರೀ ಕತ್ತರಿಸೋ ಕೆಲಸ ಆದ್ರೆ ಚಿತ್ರ ತಿರುಗಿಸಿ, ಬೋರ್ಡು ಮಗುಚಿ ಹಾಕ್ತೀನಿ. ಇದು ಕೆತ್ತೋ ಕೆಲಸ. ನುಣುಪು ಮೇಲೇ ಇರ್ಬೇಕು ಅಂತ ಬೋರ್ಡನ್ನ ಸರಿಯಾಗೇ ಇಟ್ಟೆ. ಆದ್ರೆ ದಿನಾ ಮಾಡಿ ಮಾಡಿ, ಕೈ ತಾನಾಗೇ ಚಿತ್ರ ತಿರುಗಿಸಿಬಿಟ್ಟಿದೆ. ಹೆಸರಿನ ಫಲಕ ಆಗಿದ್ರೆ ಅಕ್ಷರ ಉಲ್ಟಾ ಕಂಡು ಆಗ್ಲೇ ಎತ್ತಿ ಬಿಸಾಕ್ತಿದ್ದೆ. ಇದರಲ್ಲಿ ಅಕ್ಷರಾನೇ ಇರ್ಲಿಲ್ಲ. ಓದೋಕಾಗದೇ ಇರೋರಿಗೆ ಯಾಕೆ ಅಂತ ಹಾಕ್ಲಿಲ್ಲ.” ಅವನು ಎದ್ದು ನಿಂತ. “ಇವತ್ತೇ ಬೇರೆ ಮಾಡ್ಕೊಂಡು ಬರ್ತೀನಿ. ಅಕ್ಕ ಕಲೀತಾಳೆ. ಇನ್ನೊಂದ್ಸಲ ನೋಡಿ ಮೇಡಂ.”

ಆಕೆ ಒಂದು ಸ್ಟೂಲು ಎಳೆದು ನನ್ನನ್ನು ಕೂರಿಸಿದರು, ತಾವೇ ನೀರು ತಂದುಕೊಟ್ಟರು. ಆಮೇಲೆ ಮಾತಾಡಿದ್ದು ನನ್ನ ಜೊತೆ, ತಮ್ಮನ ಜೊತೆಯಲ್ಲ.

“ನಿಮ್ಮದೇನೂ ತಪ್ಪಿಲ್ಲ ಅಂತ ನಂಗೆ ಗೊತ್ತಾಯ್ತು. ಭಯ ಆಗ್ತಿರೋದೇ ಅದಕ್ಕೆ. ನಿಮ್ಮದೇ ತಪ್ಪಾಗಿದ್ರೆ ನೀವೇ ತಿದ್ಕೊಳ್ತಿದ್ರಿ. ಇಲ್ಲಿ ನಾಳೆ ನಾನೇ ಮೆಟ್ಲ ಮೇಲೆ ಬಕೆಟ್ ಇಟ್ಟು ಮರೀತೀನಿ. ಪೈಪ್ ರಿಪೇರಿಯವನು ಅಡ್ಡ ಏನೋ ಬಿಟ್ಟು ಹೋಗ್ತಾನೆ. ಬಾಲ್ಕನಿ ಬಾಗಿಲು ಯಾರೋ ತೆರೆದಿಡ್ತಾರೆ. ಇಷ್ಟು ಪ್ರೀತಿ ಇರೋ ಸ್ವಂತ ತಮ್ಮನ ಕೈಲೇ ಹೀಗಾಯ್ತು. ಪ್ರೀತಿ ಇಲ್ಲದೋರ ಕೈಲಿ ಏನೇನಾಗಲ್ಲ? ನೀವು ಬಿದ್ದ ಸದ್ದು ಕೆಳಗಡೆ ಕೂತು ಕೇಳೋ ಧೈರ್ಯ ನಂಗಿಲ್ಲಮ್ಮ. ಕ್ಷಮಿಸಿ.”

ಮಾತಿಗೆ ಮಾತು ಜೋಡಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇರಲಿಲ್ಲ. ಅವತ್ತು ನೀರಿನ ಲೋಟ ವಾಪಸು ಕೊಟ್ಟೆ, ಅಷ್ಟೇ. ಆಕೆ ಹೇಳಿದ್ದು ನಿಜ. ಕಣ್ಣಿರುವವರು ಇನ್ನೊಬ್ಬರ ತಪ್ಪನ್ನು ಕಂಡು ಪಕ್ಕಕ್ಕೆ ಸರಿದು ಹೋಗುತ್ತಾರೆ. ನಾನು ಅದರ ಮೇಲೆಯೇ ಕಾಲಿಡಬೇಕು. ಸಿಟ್ಟು ಮಾಡಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಇಳಿಯುವಾಗ ತಮ್ಮ ಕೈ ಕೊಟ್ಟ, ಹಿಡಿದುಕೊಂಡೆ.

ಮುಂಗೈ ಮುರಿದಿತ್ತು. ಪ್ಲಾಸ್ಟರ್ ಹಾಕಿದರು. ಅಂಗಡಿಯವರು ಬಂದು ಮಾತಾಡಿಸಿ, ಕೈ ಸರಿಹೋಗಲಿ ಆಮೇಲೆ ನೋಡೋಣ ಎಂದರು. ನೋಡೋಣ ಎಂದರೆ ಏನೆಂದು ಗೊತ್ತಾಗದಷ್ಟು ಚಿಕ್ಕವಳಲ್ಲ ನಾನು. ತಮ್ಮನ ಹಾಲ್‌ಗೇ ಮತ್ತೆ ಬಂದೆ, ಈ ಸಲ ಉಳಿಯಲು. ಮಂಚ ಹಾಕಿದ್ದ, ಗೋಡೆ ಪಕ್ಕ, ಗಾಳಿ ಬರುವ ಕಡೆ. ಅವನೂ ಅವನ ಹೆಂಡತಿಯೂ ನನ್ನನ್ನು ನೋಡಿಕೊಂಡ ರೀತಿಗೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಮನೆಯಲ್ಲಿ ಒಂದು ಕುರ್ಚಿ ಜಾಗ ಬಿಟ್ಟು ಅಲುಗುವುದಿಲ್ಲ, ಒಂದು ಚಪ್ಪಲಿ ದಾರಿಯಲ್ಲಿರುವುದಿಲ್ಲ. ನಾನು ಎದ್ದು ನಿಂತರೆ ಸಾಕು, ಇಬ್ಬರೂ ಮಾತು ನಿಲ್ಲಿಸುತ್ತಾರೆ. ಅವರ ಆ ಮೌನಕ್ಕೆ ಹೆದರಿ ನಾನು ಏಳುವುದು ಕಡಿಮೆ ಮಾಡಿದೆ. “ಕೂತಿರಿ ಅತ್ತಿಗೆ, ನಾನ್ ತಂದ್ಕೊಡ್ತೀನಿ” ಎನ್ನುತ್ತಾಳೆ ಅವಳು. ಕೂತಿರುತ್ತೇನೆ. ಹಾಲು ಉಕ್ಕುತ್ತಿದೆ ಓಡಿ ಎಂದು ಅವಳೀಗ ತಮಾಷೆ ಮಾಡುವುದಿಲ್ಲ.

ತಮ್ಮ ಕೆಲವು ದಿನ ಯಂತ್ರದ ಹತ್ತಿರ ಹೋಗಲಿಲ್ಲ. ಒಪ್ಪಿಕೊಂಡ ಕೆಲಸ ಬಾಕಿ ಬಿದ್ದು, ಗಿರಾಕಿಗಳು ಫೋನಿನಲ್ಲಿ ಕೂಗಾಡಿದ ಮೇಲೆ ಮತ್ತೆ ಶುರುಮಾಡಿದ. ಆದರೆ ಒಂದು ತುಂಡು ಕತ್ತರಿಸಲು ಒಂದು ಹೊತ್ತು ತೆಗೆದುಕೊಳ್ಳುತ್ತಾನೆ. ಕಂಪ್ಯೂಟರಿನ ಮುಂದೆ ಹೆಂಡತಿಯನ್ನು ಕರೆದು, “ಇದು ಎಡ ತಾನೇ? ಸರಿಯಾಗಿ ನೋಡು” ಎನ್ನುವುದು ನನಗೆ ಕೇಳುತ್ತದೆ. ಎಲ್ಲರೂ ಸುಲಭವಾಗಿ ಮಾಡುವುದನ್ನು ನನ್ನ ಹಾಗೆ ತಡವರಿಸಿ ಮಾಡುತ್ತಾನೆ.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ಸಂಜೆ ಅವನು ನನ್ನ ಮಂಚದ ಪಕ್ಕ ಬಂದು ಕೂತ. ಏನೋ ತಂದಿದ್ದ. ಮೊದಲು ಸೀದ ವಾಸನೆ ಬಂತು, ಆಮೇಲೆ ನನ್ನ ಮಡಿಲಿಗೆ ಹಲಗೆ ಬಂತು.

“ಇದು ನಮ್ಮನೆ ಅಕ್ಕ. ಈ ಮನೆ. ಮೂಲೇಲಿ ಮುಟ್ಟಿ ನೋಡು, ‘ಅ’ ಅಂತ ಅಕ್ಷರ ಕೆತ್ತಿದ್ದೀನಿ, ತಿರುಗಿಬಿಟ್ರೆ ನಂಗೆ ಗೊತ್ತಾಗ್ಲಿ ಅಂತ. ಇಬ್ಬರೂ ಹಿಡ್ಕೊಂಡು ಮನೆ ತುಂಬ ಓಡಾಡಿ ನೋಡಿದ್ದೀವಿ. ಈ ಸಲ ತಪ್ಪಿಲ್ಲ.”

ಬಡವಾಗಿದ್ದ ಕೈಯಿಂದ ಮುಟ್ಟಿದೆ. ಮೊದಲಿನದಕ್ಕಿಂತ ಚೆಂದ ಮಾಡಿದ್ದ. ಕಿಟಕಿಗಳಿಗೂ ಗುರುತಿತ್ತು. ಅವನ ಯಂತ್ರದ ಕೋಣೆ, ಅಡುಗೆಮನೆ, ಬಚ್ಚಲು, ಅವರ ಕೋಣೆ. ಹಾಲ್‌ನಲ್ಲಿ ಗೋಡೆ ಪಕ್ಕ ಒಂದು ಪುಟ್ಟ ಮಂಚ, ಉಗುರಿನಷ್ಟು ಹಾರ್ಡ್‌ಬೋರ್ಡ್ ತುಂಡು ಅಂಟಿಸಿದ್ದು. ಬೆರಳು ಅಲ್ಲಿಗೆ ಹೋಗಿ ನಿಂತಿತು. ಮುಂದೆ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ.

“ಸರಿ ಇದೆಯಾ ಅಕ್ಕ?”

“ಸರಿ ಇದೆ ಕಣೋ. ಎಲ್ಲಾ ಸರಿ ಇದೆ” ಎಂದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆಗಲಿಲ್ಲ. “ಆದ್ರೆ ಈ ಮನೆಗೆ ಹಲಗೆ ಯಾಕೋ ತಮ್ಮ? ಇಲ್ಲಿ ನಾನು ಎಲ್ಲಿಗೆ ಹೋಗ್ಬೇಕು?”

ಅವನು ಎದ್ದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೊಗೆ ಎಳೆಯುವ ಫ್ಯಾನಿನ ಸದ್ದಿಗಾಗಿ ಕಾದೆ. ಅದು ಬರಲಿಲ್ಲ.